ಊಟಕ್ಕೆಂದೇ ಮಂಗಳೂರು: ತುಮಕೂರಿನಿಂದ ಹೊರಡುವ ಜೋಡಿಗಳಿಗೆ ವೀಕೆಂಡ್ ಪ್ಲ್ಯಾನ್

ನಮ್ಮದು ತೆಂಗಿನ ಸೀಮೆ. ತಿಪಟೂರಿನ ಕೊಬ್ಬರಿ ದೇಶಕ್ಕೆಲ್ಲ ಹೋಗುತ್ತದೆ. ಅದೇ ತೆಂಗಿನಕಾಯಿಯನ್ನು ಹಸಿಯಾಗಿ ತುರಿದು, ಬ್ಯಾಡಗಿ ಮೆಣಸಿನಕಾಯಿ ಜೊತೆ ಬೆಣ್ಣೆಯಂತೆ ಅರೆದು, ಆವತ್ತೇ ಹಿಡಿದ ಮೀನಿಗೆ ಹಾಕಿ ಕುದಿಸಿದರೆ ಎಂಥ ರುಚಿ ಬರುತ್ತದೆ ಅಂತ ನನಗೆ ಗೊತ್ತಾಗಿದ್ದು ಮದುವೆಯಾಗಿ ಮೂರು ವರ್ಷದ ಮೇಲೆ, ಮಂಗಳೂರಿನಲ್ಲಿ. ಆಮೇಲೆ ಪ್ರತಿ ವರ್ಷ ನಾವಿಬ್ಬರೂ ಹೋಗುತ್ತಿದ್ದೇವೆ. ದೇವಸ್ಥಾನಕ್ಕಲ್ಲ, ನೆಂಟರ ಮನೆಗಲ್ಲ, ಊಟಕ್ಕೆ. ವರ್ಷವೆಲ್ಲ ಉಳಿಸಿದ ದುಡ್ಡಿನಲ್ಲಿ ಎರಡು ರಾತ್ರಿ ಒಳ್ಳೆಯ ಹೋಟೆಲಿನಲ್ಲಿ ಇರುತ್ತೇವೆ, ಚೆನ್ನಾಗಿ ತಿನ್ನುತ್ತೇವೆ, ಬರುತ್ತೇವೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಮೀನು ತಿನ್ನುತ್ತೇನೆ, ನಮ್ಮ ಮನೆಯವರು ಮೀನು ಮಾಂಸ ಮುಟ್ಟುವುದಿಲ್ಲ. ತುಮಕೂರಿನಲ್ಲಿ ಇಂಥ ಜೋಡಿಗಳು ಎಷ್ಟೋ ಇವೆ, ಅಲ್ವಾ? ಹಾಗಾಗಿ ಈ ಪ್ಲ್ಯಾನ್ ಇಬ್ಬರಿಗೂ ಹೊಂದುವ ಹಾಗೆ ಮಾಡಿದ್ದು.

ಮೊದಲ ಸಲ ಹೋದಾಗ ನಾವು ಒಂಬತ್ತು ಹೋಟೆಲುಗಳ ಪಟ್ಟಿ ಹಿಡಿದುಕೊಂಡು ಹೋಗಿದ್ದೆವು. ಶನಿವಾರ ಒಂದೇ ದಿನ ಐದು ಕಡೆ ತಿಂದೆವು. ರಾತ್ರಿ ನನ್ನ ಮುಂದೆ ರವಾ ಹಚ್ಚಿ ಕರಿದ ಕಾಣೆ ಮೀನು ಬಂದಾಗ ಒಂದು ತುತ್ತೂ ಒಳಗೆ ಹೋಗಲಿಲ್ಲ. ಅವರಿಗೆ ಹೊಟ್ಟೆ ನೋವು. ಅಷ್ಟು ಒಳ್ಳೆಯ ಮೀನನ್ನು ತಟ್ಟೆಯಲ್ಲೇ ಬಿಟ್ಟು ಎದ್ದು ಬಂದದ್ದು ನನಗೆ ಇವತ್ತಿಗೂ ಬೇಜಾರು. ಆವತ್ತಿನಿಂದ ನಮ್ಮ ನಿಯಮ ಇಷ್ಟೇ: ದಿನಕ್ಕೆ ಒಂದು ದೊಡ್ಡ ಊಟ, ಒಂದು ಚಿಕ್ಕ ಊಟ, ನಡುವೆ ಹಸಿವಾಗಲು ಸಮಯ. ಕೆಳಗೆ ಬರೆದಿರುವ ಎಲ್ಲವೂ ಆ ಹಸಿವನ್ನು ಕಾಪಾಡಿಕೊಳ್ಳುವ ಲೆಕ್ಕವೇ.

ಮೊದಲು ತಿಂಗಳು ನೋಡಿ, ಆಮೇಲೆ ತಾರೀಕು

ಸಮುದ್ರದ ಊರಿಗೆ ಯಾವಾಗ ಹೋದರೂ ತಾಜಾ ಮೀನು ಸಿಗುತ್ತದೆ ಅಂತ ನಾವು ಬಯಲುಸೀಮೆಯವರು ಅಂದುಕೊಂಡಿರುತ್ತೇವೆ. ಹಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ ಅದು. ಆಗ ನಾಡದೋಣಿಯವರು ದಡದ ಹತ್ತಿರ ಹಿಡಿದದ್ದು ಸ್ವಲ್ಪ ಸಿಗುತ್ತದೆ. ಹೋಟೆಲುಗಳಲ್ಲಿ ಉಳಿದದ್ದು ಹೊರಗಿಂದ ಐಸಿನಲ್ಲಿ ಬಂದದ್ದು. ಜೊತೆಗೆ ಆ ತಿಂಗಳುಗಳಲ್ಲಿ ಘಾಟಿಯಲ್ಲಿ ಮಣ್ಣು ಕುಸಿದು ರಸ್ತೆ ಮುಚ್ಚುವುದೂ ಉಂಟು.

ನನ್ನ ಆಯ್ಕೆ ಅಕ್ಟೋಬರ್ ನಡುವಿನಿಂದ ಫೆಬ್ರವರಿವರೆಗೆ. ಬೋಟುಗಳು ಇಳಿದಿರುತ್ತವೆ, ಬಂಗುಡೆ ಮತ್ತು ಅಂಜಲ್ ಚೆನ್ನಾಗಿ ಬರುತ್ತಿರುತ್ತವೆ, ಸೆಕೆಯೂ ತಡೆಯುವಷ್ಟು ಇರುತ್ತದೆ. ನವರಾತ್ರಿಯಲ್ಲಿ ಮಾತ್ರ ಬೇಡ. ಕುದ್ರೋಳಿ ಗೋಕರ್ಣನಾಥನ ದಸರಾಕ್ಕೆ ಊರು ತುಂಬಿರುತ್ತದೆ. ನೋಡಲು ಚೆಂದ, ಆದರೆ ನಿಧಾನವಾಗಿ ಕೂತು ಉಣ್ಣುವ ಪ್ರವಾಸಕ್ಕೆ ಆ ಜನಜಂಗುಳಿ ಹೊಂದುವುದಿಲ್ಲ. ಸಾಲು ರಜೆ ಬಂದ ವಾರವೂ ಹಾಗೇ. ಕ್ರಿಸ್‌ಮಸ್ ಹತ್ತಿರ ರೂಮಿನ ದರ ಏರುತ್ತದೆ ನಿಜ, ಆದರೆ ಬೇಕರಿಗಳಲ್ಲಿ ಕುಸ್ವಾರ್ ಸಿಗುವುದು ಆಗಲೇ. ನೆವ್ರಿ, ಕುಲ್ಕುಲ್, ಗುಳಿಯೊ ಎಲ್ಲ ಸೇರಿದ ಕ್ರಿಶ್ಚಿಯನ್ನರ ಹಬ್ಬದ ತಿಂಡಿ ಅದು. ಡಿಸೆಂಬರ್ ಮೂರನೇ ವಾರ ಹೋದರೆ ಅದೂ ಸಿಗುತ್ತದೆ, ಹಬ್ಬದ ದಿನದ ರಶ್ಶೂ ತಪ್ಪುತ್ತದೆ.

ಇಬ್ಬರೂ ಸಸ್ಯಾಹಾರಿಗಳಾದರೆ ಲೆಕ್ಕ ಬೇರೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ತುಳುವರ ಆಟಿ ತಿಂಗಳು. ಕೆಸುವಿನ ಎಲೆಯ ಪತ್ರೊಡೆಗೆ ಅದೇ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಹೋದರೆ ಎಳೆ ಗೇರುಬೀಜದ ಪಲ್ಯ ಸಿಗುತ್ತದೆ. ಕೊಂಕಣಿಯವರು ಅದನ್ನು ಬಿಬ್ಬೆ ಉಪ್ಕರಿ ಅನ್ನುತ್ತಾರೆ. ಅದಕ್ಕಾಗಿಯೇ ನಮ್ಮ ಮನೆಯವರು ಒಂದು ಸಲ ಏಪ್ರಿಲ್ ಸೆಕೆಯನ್ನೂ ಸಹಿಸಿಕೊಂಡರು.

ದಾರಿ

ತುಮಕೂರಿನಿಂದ ಮಂಗಳೂರು ಮುನ್ನೂರು ಕಿಲೋಮೀಟರ್ ಚಿಲ್ಲರೆ. ಕಾರಿನಲ್ಲಿ ಹೋಗಲು ಎರಡು ದಾರಿ. ರಾಷ್ಟ್ರೀಯ ಹೆದ್ದಾರಿ 73 ನಮ್ಮ ಊರಿನಿಂದಲೇ ಮಂಗಳೂರಿಗೆ ಹೋಗುತ್ತದೆ: ತಿಪಟೂರು, ಅರಸೀಕೆರೆ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ, ಉಜಿರೆ, ಬಂಟ್ವಾಳ. ಇನ್ನೊಂದು ಕುಣಿಗಲ್ಲಿಗೆ ಇಳಿದು ಹಾಸನ, ಸಕಲೇಶಪುರ, ಶಿರಾಡಿ ಘಾಟಿ ಮೂಲಕ. ಊಟದ ದೃಷ್ಟಿಯಿಂದ ನನಗೆ ಚಾರ್ಮಾಡಿ ದಾರಿಯೇ ಇಷ್ಟ. ಘಾಟಿ ಇಳಿಯುವ ಮೊದಲು ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿನ್ನಬಹುದು. ಮಂಜು ಕವಿದ ಊರಿನಲ್ಲಿ ಬಿಸಿ ನೀರ್ ದೋಸೆ, ಚಟ್ನಿ, ಕಾಫಿ. ಎರಡು ದೋಸೆಗೆ ನಿಲ್ಲಿಸಿ, ಮುಂದೆ ತಿರುವುಗಳಿವೆ. ಕಾರಿನಲ್ಲಿ ತಲೆ ಸುತ್ತುವವರು ಮಾತ್ರೆಯನ್ನು ಘಾಟಿಯಲ್ಲಿ ಅಲ್ಲ, ಮೂಡಿಗೆರೆಗೆ ಮೊದಲೇ ತಗೊಳ್ಳಿ.

ಕಾರಾದರೆ ಶುಕ್ರವಾರ ರಜೆ ಹಾಕಿ ಬೆಳಿಗ್ಗೆ ಹೊರಡಿ. ಕತ್ತಲಾದ ಮೇಲೆ ಘಾಟಿ ಇಳಿಯುವುದು ಬೇಡ. ಕೆಲಸ ಮುಗಿಸಿಕೊಂಡು ಸಂಜೆ ಹೊರಡುತ್ತೇವೆ ಅನ್ನುವವರಿಗೆ ರಾತ್ರಿಯ ಸ್ಲೀಪರ್ ಬಸ್ಸು ಇದೆ, ಆದರೆ ಬೆಳಿಗ್ಗೆ ಮೈ ನೋಯುತ್ತಿರುತ್ತದೆ. ಇದು ದುಡ್ಡು ಖರ್ಚು ಮಾಡಿ ಸುಖಪಡುವ ಪ್ರವಾಸವಾದ್ದರಿಂದ ವಿಮಾನವನ್ನೂ ಯೋಚಿಸಿ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ ಮೇಲೆ ದೇವನಹಳ್ಳಿಗೆ ಹೋದರೆ ಬೆಂಗಳೂರಿನ ಟ್ರಾಫಿಕ್ಕಿಗೆ ಸಿಕ್ಕಿಕೊಳ್ಳದೆ ಏರ್‌ಪೋರ್ಟ್ ಮುಟ್ಟಬಹುದು. ಅಲ್ಲಿಂದ ಹಾರಾಟ ಸುಮಾರು ಒಂದು ಗಂಟೆ. ಮಂಗಳೂರು ಏರ್‌ಪೋರ್ಟ್ ಬಜ್ಪೆಯಲ್ಲಿದೆ, ಗುಡ್ಡದ ಮೇಲೆ. ನಮ್ಮ ಹತ್ತನೇ ಮದುವೆ ವಾರ್ಷಿಕೋತ್ಸವಕ್ಕೆ ಹೀಗೇ ಹೋಗಿದ್ದು. ಆಯಾಸವಿಲ್ಲದೆ ಇಳಿದವರಿಗೆ ಊಟದ ರುಚಿಯೇ ಬೇರೆ.

ರೂಮು: ಊರೊಳಗಾ, ಕಡಲ ದಡದಲ್ಲಾ?

ಇಲ್ಲಿ ಜಾಸ್ತಿ ಜನ ಎಡವುತ್ತಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಂಗಳೂರು ಸಮುದ್ರದ ಊರೇ. ಆದರೆ ಪೇಟೆಯ ಅಂಚಿಗೆ ನೇರವಾಗಿ ಅಲೆ ಬಡಿಯುವುದಿಲ್ಲ. ಪೇಟೆಗೂ ಕಡಲಿಗೂ ನಡುವೆ ಗುರುಪುರ ನದಿ ಇದೆ, ಅದರಾಚೆ ಬೆಂಗ್ರೆ, ತಣ್ಣೀರುಬಾವಿಯ ಮರಳಿನ ಪಟ್ಟಿ ಇದೆ. ದಕ್ಷಿಣದಿಂದ ನೇತ್ರಾವತಿ ಬಂದು ಎರಡೂ ನದಿ ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಹಾಗಾಗಿ ಪೇಟೆಯ ಹೋಟೆಲಿನಲ್ಲಿ 'ಸೀ ವ್ಯೂ' ಅಂದರೆ ದೂರದಲ್ಲಿ ಕಾಣುವ ನೀರು ಅಂತಲೇ ಅರ್ಥ. ದಡದ ಮೇಲೇ ಇರಬೇಕೆಂದರೆ ಉಳ್ಳಾಲ, ಸೋಮೇಶ್ವರ, ಸುರತ್ಕಲ್ ಅಥವಾ ಇನ್ನೂ ಮೇಲೆ ಸಸಿಹಿತ್ಲು, ಪಡುಬಿದ್ರಿ ಕಡೆ ಹೋಗಬೇಕು.

ಊಟವೇ ಮುಖ್ಯವಾದರೆ ಪೇಟೆಯಲ್ಲೇ ಇರಿ. ಒಳ್ಳೆಯ ಮೀನಿನ ಊಟ ಮಾಡಿ ಹತ್ತು ನಿಮಿಷದಲ್ಲಿ ಹಾಸಿಗೆ ಸೇರುವ ಸುಖ ದೊಡ್ಡದು. ಹಳೆ ಬಂದರು ರಸ್ತೆಯ ವಿವಾಂತ, ಕೊಡಿಯಾಲಬೈಲಿನ ನವಭಾರತ ವೃತ್ತದ ಓಷನ್ ಪರ್ಲ್ ಇವೆರಡೂ ಈ ಊರಿನ ಹೆಸರಾದ ದೊಡ್ಡ ಹೋಟೆಲುಗಳು. ನಿಮಗೆ ಕಡಲ ಶಬ್ದ ಕೇಳುತ್ತಲೇ ನಿದ್ದೆ ಮಾಡಬೇಕು ಅನ್ನಿಸಿದರೆ ದಡದ ರೆಸಾರ್ಟ್ ತಗೊಳ್ಳಿ. ಆಗ ದಿನಕ್ಕೆ ಒಂದೇ ಸಲ ಪೇಟೆಗೆ ಬಂದು ಹೋಗುವ ಹಾಗೆ ಪ್ಲ್ಯಾನ್ ಮಾಡಿ. ಒಂದು ರಾತ್ರಿ ಅಲ್ಲಿ, ಒಂದು ರಾತ್ರಿ ಇಲ್ಲಿ ಮಾತ್ರ ಬೇಡ. ಪೆಟ್ಟಿಗೆ ಕಟ್ಟುವುದರಲ್ಲೇ ಅರ್ಧ ದಿನ ಹೋಗುತ್ತದೆ.

ಬುಕ್ ಮಾಡುವ ಮೊದಲು ಹೋಟೆಲಿಗೇ ಫೋನ್ ಮಾಡಿ. ರೂಮು ಯಾವ ದಿಕ್ಕಿಗೆ, ಎಷ್ಟನೇ ಮಹಡಿ, ಕಿಟಕಿಯಿಂದ ಏನು ಕಾಣುತ್ತದೆ ಅಂತ ಕೇಳಿ. ಪಶ್ಚಿಮಕ್ಕೆ ಮುಖ ಮಾಡಿದ ಮೇಲಿನ ಮಹಡಿ ಬೇಕು ಅಂತ ಹೇಳಿ, ಅದನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ. ಒಂದು ಸಲ ನಾವು ಫೋಟೋ ನೋಡಿ ಬುಕ್ ಮಾಡಿದ ರೂಮಿನ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ನೀರಿನ ಟ್ಯಾಂಕು. ಬದಲಾಯಿಸಿಕೊಡಿ ಅಂದರೆ ಎಲ್ಲ ತುಂಬಿತ್ತು. ಬರಹದಲ್ಲಿ ಇಲ್ಲದಿದ್ದರೆ ಕೇಳಲು ಬಾಯಿರುವುದಿಲ್ಲ. ಭಾನುವಾರ ಮಧ್ಯಾಹ್ನದವರೆಗೆ ರೂಮು ಇಟ್ಟುಕೊಳ್ಳಬಹುದಾ ಅಂತಲೂ ಆಗಲೇ ಕೇಳಿ. ಬೆಳಗಿನ ತಿಂಡಿ ಸೇರಿಸಿದ ದರ ಮಾತ್ರ ತಗೊಳ್ಳಬೇಡಿ. ಬಫೆ ದುಡ್ಡು ಕೊಟ್ಟಾಗಿದೆ ಅಂತ ಅಲ್ಲೇ ಹೊಟ್ಟೆ ತುಂಬಿಸಿಕೊಂಡರೆ ಊರಿನ ತಿಂಡಿ ತಪ್ಪಿಹೋಗುತ್ತದೆ.

ದುಡ್ಡಿನ ಪಾಲು

ಒಟ್ಟು ಮೊತ್ತ ನಿಮ್ಮ ಶಕ್ತಿಗೆ ಬಿಟ್ಟದ್ದು. ಅದನ್ನು ಐದು ಪಾಲು ಮಾಡಿ. ಎರಡು ಪಾಲು ರೂಮಿಗೆ, ಒಂದು ಓಡಾಟಕ್ಕೆ, ಒಂದು ಶನಿವಾರ ರಾತ್ರಿಯ ಊಟ ಮತ್ತು ಉಳಿದ ಎಲ್ಲ ಊಟ ತಿಂಡಿಗೆ, ಒಂದು ಕಟ್ಟಿಕೊಂಡು ಬರುವುದಕ್ಕೂ ಕೈಯಲ್ಲಿರುವುದಕ್ಕೂ. ಊಟಕ್ಕೆಂದು ಹೋಗಿ ಊಟಕ್ಕೆ ಒಂದೇ ಪಾಲಾ ಅಂತ ಕೇಳಬಹುದು. ಮಂಗಳೂರಿನ ಅತಿ ಒಳ್ಳೆಯ ಊಟ ಅತಿ ದುಬಾರಿ ಜಾಗದಲ್ಲಿ ಇಲ್ಲ. ಬಂದರಿನ ಗಲ್ಲಿಯ ಸಣ್ಣ ಹೋಟೆಲಿನಲ್ಲಿ, ಸ್ಟೀಲ್ ತಟ್ಟೆಯಲ್ಲಿ ಬರುತ್ತದೆ. ಮಲಗಲು, ಓಡಾಡಲು ಧಾರಾಳವಾಗಿ ಖರ್ಚು ಮಾಡಿ. ಊಟವನ್ನು ಊರಿನವರು ಉಣ್ಣುವ ಕಡೆ ಮಾಡಿ.

ಹೊರಡುವ ಎರಡು ದಿನ ಮೊದಲು ಹೋಟೆಲುಗಳಿಗೆ ಫೋನ್ ಮಾಡಿ ನಾಲ್ಕು ಮಾತು ಕೇಳಿ. ಭಾನುವಾರ ತೆರೆದಿರುತ್ತದಾ? ಮಧ್ಯಾಹ್ನದ ಊಟ ಎಷ್ಟು ಗಂಟೆಗೆ ಖಾಲಿಯಾಗುತ್ತದೆ? ಫ್ಯಾಮಿಲಿ ಹಾಲ್ ಬೇರೆ ಇದೆಯಾ? ಸಸ್ಯಾಹಾರಿಗಳಿಗೆ ಏನು ಮಾಡುತ್ತೀರಿ, ಎಣ್ಣೆ ಮತ್ತು ಕಾವಲಿ ಬೇರೆಯಾ? ಕೊನೆಯದನ್ನು ಸಂಕೋಚಪಡದೆ ಕೇಳಿ. ಇಲ್ಲ ಅಂದರೆ ಇಲ್ಲ ಅಂತ ನೇರವಾಗಿ ಹೇಳುತ್ತಾರೆ, ಆ ಊರಿನವರು ಮಾತಿನಲ್ಲಿ ಸ್ಪಷ್ಟ.

ಶುಕ್ರವಾರ ರಾತ್ರಿ

ಏನೂ ದೊಡ್ಡದು ಬೇಡ. ದಾರಿಯ ಆಯಾಸ ಇರುತ್ತದೆ. ಸ್ನಾನ ಮಾಡಿ, ಎರಡು ನೀರ್ ದೋಸೆಯೋ ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿಯೋ ತಿಂದು, ಐಸ್‌ಕ್ರೀಮಿಗೆ ಹೋಗಿ. ಐಡಿಯಲ್ ಐಸ್‌ಕ್ರೀಮ್ 1975ರಲ್ಲಿ ಇದೇ ಊರಿನಲ್ಲಿ ಶುರುವಾದದ್ದು. ಅವರದೇ ಪಬ್ಬಾಸ್ ಲಾಲ್‌ಬಾಗಿನಲ್ಲಿದೆ. ಗಡ್‌ಬಡ್ ಒಂದೇ ತರಿಸಿ, ಎರಡು ಚಮಚ. ಉದ್ದ ಗ್ಲಾಸಿನಲ್ಲಿ ಐಸ್‌ಕ್ರೀಮು, ಜೆಲ್ಲಿ, ಹಣ್ಣು, ಗೇರುಬೀಜ ಒಂದರ ಮೇಲೊಂದು ಕೂತಿರುತ್ತವೆ. ಚಮಚವನ್ನು ತಳಕ್ಕೆ ಇಳಿಸಿ ಮೇಲಕ್ಕೆ ಎತ್ತಿ ತಿಂದರೆ ಎಲ್ಲವೂ ಒಂದೇ ತುತ್ತಿನಲ್ಲಿ ಸಿಗುತ್ತವೆ. ಆಮೇಲೆ ಬೇಗ ಮಲಗಿ. ಶನಿವಾರ ಬೆಳಿಗ್ಗೆ ಐದೂವರೆಗೆ ಏಳಬೇಕು.

ಶನಿವಾರ: ಧಕ್ಕೆಯಿಂದ ಶುರು

ಆರು ಗಂಟೆಗೆಲ್ಲ ಬಂದರಿನ ಧಕ್ಕೆಯಲ್ಲಿರಿ. ಮೀನುಗಾರಿಕೆ ಬೋಟುಗಳು ಬಂದು ನಿಲ್ಲುವ ಜಾಗ ಅದು. ತೊಳೆಯಬಹುದಾದ ಚಪ್ಪಲಿ ಹಾಕಿ, ಸೀರೆ ಬೇಡ, ಬಿಳಿ ಬಟ್ಟೆ ಬೇಡ. ನೆಲವೆಲ್ಲ ನೀರು, ಐಸು. ಬೋಟಿನಿಂದ ಬುಟ್ಟಿ ಬುಟ್ಟಿ ಮೀನು ಮೇಲೆ ಬರುತ್ತಿರುತ್ತದೆ. ಸುತ್ತ ಜನ ನಿಂತು ಏಲಂ ಕೂಗುತ್ತಿರುತ್ತಾರೆ. ತುಳು ಗೊತ್ತಿಲ್ಲದವರಿಗೆ ಏನೂ ಅರ್ಥವಾಗುವುದಿಲ್ಲ, ಒಂದು ಬುಟ್ಟಿ ಬೂತಾಯಿ ಕಣ್ಣ ಮುಂದೆಯೇ ಕೈ ಬದಲಾಗಿರುತ್ತದೆ. ಸೊಂಟಕ್ಕೆ ಸೀರೆ ಬಿಗಿದ ಹೆಂಗಸರು ಒಂದು ನೋಟದಲ್ಲೇ ಮೀನಿನ ಬೆಲೆ ಕಟ್ಟುತ್ತಾರೆ. ಕೆಲಸ ಮಾಡುವವರ ದಾರಿಗೆ ಅಡ್ಡ ನಿಲ್ಲಬೇಡಿ, ಕೇಳದೆ ಮುಖದ ಫೋಟೋ ತೆಗೆಯಬೇಡಿ.

ಇಲ್ಲಿಗೆ ಹೋಗುವುದು ನೋಡಲು ಮಾತ್ರ ಅಲ್ಲ. ಆವತ್ತು ಏನು ಬಂದಿದೆ ಅಂತ ಇಲ್ಲೇ ಗೊತ್ತಾಗುವುದು. ಹೆಸರು ಕೇಳಿ ಕಲಿತುಕೊಳ್ಳಿ: ಬಂಗುಡೆ, ಬೂತಾಯಿ, ಅಂಜಲ್, ಮಾಂಜಿ, ಕಾಣೆ, ನಂಗ್. ಸಿಗಡಿಗೆ ತುಳುವಿನಲ್ಲಿ ಎಟ್ಟಿ, ಏಡಿಗೆ ದೆಂಜಿ, ಚಿಪ್ಪಿನ ಮೀನಿಗೆ ಮರುವಾಯಿ. ಒಳ್ಳೆಯ ಮೀನಿನ ಕಣ್ಣು ಉಬ್ಬಿ ಹೊಳೆಯುತ್ತಿರುತ್ತದೆ, ಕಿವಿರು ಕೆಂಪಗಿರುತ್ತದೆ, ಬೆರಳಿನಿಂದ ಒತ್ತಿದರೆ ಮಾಂಸ ತಕ್ಷಣ ಮೇಲೇಳುತ್ತದೆ. ನಮ್ಮ ಕಡೆ ಕೆರೆ ಮೀನು ಮಾತ್ರ ನೋಡಿದವರಿಗೆ ಈ ಅರ್ಧ ಗಂಟೆ ದೊಡ್ಡ ಪಾಠ. ನಮ್ಮ ಮನೆಯವರೂ ನನ್ನ ಜೊತೆ ಬರುತ್ತಾರೆ. ಸ್ವಲ್ಪ ಹೊತ್ತು ನಿಂತು, ಆಮೇಲೆ ನೀರಿನ ಕಡೆ ಮುಖ ಮಾಡಿ ಬೋಟುಗಳ ಬಣ್ಣ ನೋಡುತ್ತಾರೆ.

ತಿಂಡಿ ಅವರ ಸರದಿ. ಕಾರ್ ಸ್ಟ್ರೀಟ್, ಹಂಪನಕಟ್ಟೆ ಸುತ್ತ ಹಳೆಯ ಸಸ್ಯಾಹಾರಿ ಹೋಟೆಲುಗಳಿವೆ. ಬನ್ಸ್ ಕೇಳಿ. ಬಾಳೆಹಣ್ಣು ಹಾಕಿ ಕಲಸಿ, ಹುಳಿ ಬರಿಸಿ ಕರಿದ ಪೂರಿ ಅದು, ಒಳಗೆ ಮೆತ್ತಗೆ, ಸ್ವಲ್ಪ ಸಿಹಿ. ಖಾರ ಚಟ್ನಿ ಜೊತೆ ಒಂದು ಬನ್ಸ್ ಸಾಕು. ಸಿಕ್ಕಿದರೆ ಮೂಡೆ ತಿನ್ನಿ. ಕೇದಗೆ ಜಾತಿಯ ಎಲೆಯನ್ನು ಕೊಳವೆ ಥರ ಸುತ್ತಿ, ಅದರೊಳಗೆ ಇಡ್ಲಿ ಹಿಟ್ಟು ಹೊಯ್ದು ಬೇಯಿಸಿದ್ದು. ಎಲೆಯ ಸುತ್ತು ಬಿಡಿಸುತ್ತ ಹೋದ ಹಾಗೆ ಅದರ ಗೆರೆಗಳು ಇಡ್ಲಿಯ ಮೇಲೆ ಮೂಡಿರುವುದು ಕಾಣುತ್ತದೆ, ಪರಿಮಳ ಮೂಗಿಗೆ ಬರುತ್ತದೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದು ಬೆಳೆದ ನಾವು ಇಡ್ಲಿಯ ವಿಷಯದಲ್ಲಿ ಸುಲಭಕ್ಕೆ ಸೋಲುವವರಲ್ಲ. ಆದರೂ ಮೂಡೆಯನ್ನು ನಾನು ಮನಸಾರೆ ಹೊಗಳುತ್ತೇನೆ.

ಆಮೇಲೆ ಊಟದವರೆಗೆ ಏನೂ ಬೇಡ, ಎಳನೀರೂ ಬೇಡ. ಹೊತ್ತು ಕಳೆಯಲು ಸಂತ ಅಲೋಶಿಯಸ್ ಚಾಪೆಲ್‌ಗೆ ಹೋಗಿ. ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೇನಿ ಎಂಬ ಜೆಸ್ಯೂಟ್ ಬ್ರದರ್ ಗೋಡೆ, ಸೂರುಗಳಿಗೆಲ್ಲ ಚಿತ್ರ ಬರೆದಿದ್ದಾರೆ. ತಂಪಾಗಿರುತ್ತದೆ, ಇಬ್ಬರೂ ಸುಮ್ನೆ ಕೂತುಕೊಳ್ಳಬಹುದು.

ಮಧ್ಯಾಹ್ನದ ಮೀನೂಟ

ಹನ್ನೆರಡು ಗಂಟೆಗೇ ಹೋಗಿ. ಒಂದು ಗಂಟೆಯಾದರೆ ಸಾಲು. ಬಂದರಿನ ನಾರಾಯಣ ಹೋಟೆಲು, ಕಾರ್ ಸ್ಟ್ರೀಟಿನ ಗಿರಿಮಂಜಾಸ್ ಇವೆರಡೂ ಮೀನಿಗೆ ಹೆಸರಾದವು. ಎರಡೂ ಚಿಕ್ಕ ಜಾಗ, ಸದಾ ಗದ್ದಲ. ಕೂರಲು ಬೇರೆಯವರ ಜೊತೆ ಮೇಜು ಹಂಚಿಕೊಳ್ಳಬೇಕಾಗಬಹುದು. ಬೇಸರ ಬೇಡ, ಪಕ್ಕದವರೇ ಏನು ಚೆನ್ನಾಗಿದೆ ಅಂತ ಹೇಳಿಕೊಡುತ್ತಾರೆ.

ಇಂಥ ಹೋಟೆಲುಗಳಲ್ಲಿ ಕೂತ ತಕ್ಷಣ ಮಸಾಲೆ ಹಚ್ಚಿದ ಹಸಿ ಮೀನುಗಳನ್ನು ಜೋಡಿಸಿದ ತಟ್ಟೆಯನ್ನೇ ನಿಮ್ಮ ಮುಂದೆ ತರುತ್ತಾರೆ. ಮೊದಲ ಸಲ ನಾನು ಗಾಬರಿಯಾಗಿದ್ದೆ. "ನೋಡಿ ಮೇಡಂ, ಕಾಣೆ ಉಂಟು, ಅಂಜಲ್ ಉಂಟು, ಬಂಗುಡೆ ಇವತ್ತು ಒಳ್ಳೆದುಂಟು. ಯಾವುದು ಹಾಕುದು?" ಬೆರಳು ತೋರಿಸಿದ ಮೀನು ಒಳಗೆ ಹೋಗಿ ಕಾವಲಿಯ ಮೇಲೆ ಕೂರುತ್ತದೆ. ಮೆನುವಿನಲ್ಲಿ ಬೆಲೆಯ ಜಾಗದಲ್ಲಿ 'ಸೈಜಿನ ಪ್ರಕಾರ' ಅಂತ ಇರುವುದು ಇದಕ್ಕೇ. ತೋರಿಸುವಾಗಲೇ ಬೆಲೆ ಕೇಳಿ. ಅದು ಜಿಪುಣತನವಲ್ಲ, ಅಲ್ಲಿ ಎಲ್ಲರೂ ಕೇಳುತ್ತಾರೆ.

ಇನ್ನೊಂದು ಪ್ರಶ್ನೆ ಬರುತ್ತದೆ: "ಕುಚ್ಚಲಕ್ಕಿಯಾ, ಬೆಳ್ತಿಗೆಯಾ?" ಕುಚ್ಚಲಕ್ಕಿ ಅಂದರೆ ಕೆಂಪು ಛಾಯೆಯ ದಪ್ಪ ಅನ್ನ, ಬೆಳ್ತಿಗೆ ನಮ್ಮ ಬಿಳಿ ಅನ್ನ. ಮೀನಿನ ಸಾರಿಗೆ ಕುಚ್ಚಲಕ್ಕಿಯೇ ಸರಿ. ಮುದ್ದೆ ಉಂಡ ನಾಲಿಗೆಗೆ ಅದರ ಗಟ್ಟಿತನ ಹಿಡಿಸುತ್ತದೆ. ಆದರೆ ಹೊಟ್ಟೆಗೆ ಭಾರ, ಸ್ವಲ್ಪ ಹಾಕಿಸಿಕೊಳ್ಳಿ.

ಏನು ತರಿಸಬೇಕು? ಒಂದು ಕರಿದದ್ದು, ಒಂದು ಸಾರಿನದು, ಅಷ್ಟೇ. ಕಾಣೆಗೆ ರವಾ ಫ್ರೈ ಚೆನ್ನ, ಅಂಜಲಿಗೆ ತವಾ ಫ್ರೈ. ಬಂಗುಡೆಗೆ ಪುಳಿಮುಂಚಿ. ತುಳುವಿನಲ್ಲಿ ಪುಳಿ ಅಂದರೆ ಹುಳಿ, ಮುಂಚಿ ಅಂದರೆ ಮೆಣಸಿನಕಾಯಿ, ರುಚಿ ಹೆಸರಿನಲ್ಲೇ ಇದೆ. ಮುಳ್ಳು ಬಿಡಿಸಲು ಬಾರದವರು ಅಂಜಲಿನಿಂದ ಶುರು ಮಾಡಿ. ಅದು ತುಂಡಾಗಿ ಬರುತ್ತದೆ, ನಡುವೆ ಒಂದೇ ದೊಡ್ಡ ಮೂಳೆ. ಸಿಗಡಿ, ಏಡಿ, ಮರುವಾಯಿ ಹಿಂದೆಂದೂ ತಿನ್ನದವರು ಎರಡು ತುತ್ತು ತಿಂದು ಸ್ವಲ್ಪ ಹೊತ್ತು ಕಾಯಿರಿ. ಕೆಲವರಿಗೆ ಚಿಪ್ಪಿನ ಜೀವಿಗಳು ಆಗಿಬರುವುದಿಲ್ಲ. ಬಾಯಿ, ಗಂಟಲು ಕಡಿದರೆ, ಮೈಯಲ್ಲಿ ದದ್ದು ಎದ್ದರೆ ನಿಲ್ಲಿಸಿ. ಉಸಿರು ಕಟ್ಟಿದ ಹಾಗಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ನಮ್ಮ ಮನೆಯವರು ಈ ಊಟಕ್ಕೆ ನನ್ನ ಜೊತೆ ಕೂರುತ್ತಾರೆ, ತಿನ್ನುವುದಿಲ್ಲ. ಅದಕ್ಕೇ ಅವರ ತಿಂಡಿಯನ್ನು ಹತ್ತೂವರೆಗೆ ಇನ್ನೊಂದು ಸುತ್ತು ಮಾಡಿಸುತ್ತೇನೆ. ಮೀನಿನ ವಾಸನೆ ಆಗದವರಾದರೆ ಒತ್ತಾಯ ಮಾಡಬೇಡಿ. ಬೇರೆ ಬೇರೆ ಉಂಡು ಚಾಪೆಲ್ ಹತ್ತಿರ ಸೇರಿಕೊಳ್ಳಿ. ಒಂದು ಗಂಟೆ ದೂರ ಇದ್ದರೆ ಪ್ರವಾಸ ಏನೂ ಕೆಡುವುದಿಲ್ಲ.

ಊಟವಾದ ಮೇಲೆ ರೂಮಿಗೆ ಬಂದು ಮಲಗಿ. ಒಳ್ಳೆಯ ರೂಮಿಗೆ ದುಡ್ಡು ಕೊಟ್ಟಿದ್ದು ಈ ಎರಡು ಗಂಟೆಗಾಗಿಯೇ.

ಸಂಜೆ ಮತ್ತು ದೊಡ್ಡ ಊಟ

ನಾಲ್ಕೂವರೆಗೆ ಸುಲ್ತಾನ್ ಬತ್ತೇರಿಗೆ ಹೋಗಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಗೋಪುರ. ಪಕ್ಕದಿಂದಲೇ ದೋಣಿ ಹತ್ತಿ ಗುರುಪುರ ನದಿ ದಾಟಿದರೆ ತಣ್ಣೀರುಬಾವಿ ಬೀಚು. ವಾಪಸ್ಸಿಗೆ ಕೊನೆಯ ದೋಣಿ ಎಷ್ಟಕ್ಕೆ ಅಂತ ಹತ್ತುವಾಗಲೇ ಕೇಳಿ. ತಪ್ಪಿದರೆ ಕೂಳೂರು ಸೇತುವೆ ಸುತ್ತಿ ರಸ್ತೆಯಲ್ಲಿ ಬರಬೇಕು. ಬೀಚಿನಲ್ಲಿ ಚುರುಮುರಿ, ಮಾವಿನಕಾಯಿ ಎಲ್ಲ ಕೈ ಬೀಸಿ ಕರೆಯುತ್ತವೆ. ಒಂದು ಪೊಟ್ಟಣ ಚುರುಮುರಿ ಇಬ್ಬರಿಗೆ. ಈಜುವುದು ಬೇಡ, ಈ ಕಡಲಿನ ಸೆಳೆತ ನಮಗೆ ಗೊತ್ತಿಲ್ಲ. ಸೂರ್ಯ ಮುಳುಗುವವರೆಗೆ ಮರಳಿನ ಮೇಲೆ ಕೂತಿರಿ.

ರಾತ್ರಿಯ ಊಟಕ್ಕೆ ಟೇಬಲ್ ಮೊದಲೇ ಕಾದಿರಿಸಿ. ಕದ್ರಿ ಗುಡ್ಡದ ಸರ್ಕ್ಯೂಟ್ ಹೌಸ್ ಹತ್ತಿರದ ಗಜಾಲಿ ಒಂದು ಆಯ್ಕೆ. ಇಲ್ಲವೇ ನೀವಿರುವ ಹೋಟೆಲಿನ ರೆಸ್ಟೋರೆಂಟ್. ಮಂದ ಬೆಳಕು, ಬಟ್ಟೆ ಹಾಸಿದ ಮೇಜು, ಇಬ್ಬರೂ ಚೆನ್ನಾಗಿ ಡ್ರೆಸ್ ಮಾಡಿಕೊಂಡು ಹೋಗಿ ಕೂರುವ ಊಟ ಇದೊಂದೇ. ಕಿಟಕಿ ಪಕ್ಕದ ಮೇಜು ಬೇಕು, ಮದುವೆ ವಾರ್ಷಿಕೋತ್ಸವ ಅಂತ ಹೇಳಿದರೆ ಅವರೂ ಮುತುವರ್ಜಿ ವಹಿಸುತ್ತಾರೆ.

ಇಲ್ಲಿ ಘೀ ರೋಸ್ಟ್ ತರಿಸಿ. ಕುಂದಾಪುರದ ಶೆಟ್ಟಿ ಲಂಚ್ ಹೋಮ್‌ನಲ್ಲಿ ಹುಟ್ಟಿ ಕರಾವಳಿಗೆಲ್ಲ ಹಬ್ಬಿದ ತಿನಿಸು ಅಂತ ಹೇಳುತ್ತಾರೆ. ಹುರಿದು ಅರೆದ ಬ್ಯಾಡಗಿ ಮೆಣಸಿನಕಾಯಿ ತುಪ್ಪದಲ್ಲಿ ಬೆಂದು ಕಡುಗೆಂಪಾಗಿ ಕೋಳಿಗೋ ಸಿಗಡಿಗೋ ಅಂಟಿಕೊಂಡಿರುತ್ತದೆ. ತಟ್ಟೆಯ ಅಂಚಿನಲ್ಲಿ ತುಪ್ಪ ಬಿಟ್ಟುಕೊಂಡಿದ್ದರೆ ಸರಿಯಾಗಿ ಆಗಿದೆ ಅಂತ ಲೆಕ್ಕ. ಪನೀರ್, ಅಣಬೆಯಲ್ಲೂ ಮಾಡಿಕೊಡುತ್ತಾರೆ. ಆ ಒಂದು ತಿನಿಸಿನಲ್ಲಿ ನಾವಿಬ್ಬರೂ ಒಂದೇ ರುಚಿ ಉಣ್ಣುತ್ತೇವೆ, ಅದಕ್ಕೆ ನನಗೆ ಅದು ಅಷ್ಟು ಇಷ್ಟ. ಜೊತೆಗೆ ನೀರ್ ದೋಸೆ. ಅನ್ನ, ಬಿರಿಯಾನಿ ಬೇಡ.

ಕೋಳಿ ತಿನ್ನುವವರು ಕೋರಿ ರೊಟ್ಟಿಯನ್ನೂ ಬಿಡಬೇಡಿ. ಅಕ್ಕಿಯ ಗರಿಗರಿ ರೊಟ್ಟಿಯನ್ನು ತಟ್ಟೆಯಲ್ಲಿ ಮುರಿದು ಹಾಕಿ, ಮೇಲೆ ಬಿಸಿ ಗಸಿ, ಅಂದರೆ ತೆಂಗಿನಕಾಯಿ ಅರೆದು ಮಾಡಿದ ಕೋಳಿ ಸಾರು, ಸುರಿಯಬೇಕು. ಸುರಿದಾಗ ಸಣ್ಣಗೆ ಚಟಪಟ ಅನ್ನುತ್ತದೆ. ಎಲ್ಲ ನೆನೆಯುವವರೆಗೆ ಕಾಯಬೇಡಿ. ತಳದ್ದು ಮೆತ್ತಗಾಗಿ, ಮೇಲಿನದು ಇನ್ನೂ ಗರಿಯಾಗಿರುವಾಗಲೇ ಕಲಸಿ ಬಾಯಿಗಿಡಿ.

ಭಾನುವಾರ

ತಡವಾಗಿ ಏಳಿ. ಕಾಫಿ ರೂಮಿನಲ್ಲೇ. ಹತ್ತು ಗಂಟೆಗೆ ಒಂದೇ ದೊಡ್ಡ ತಿಂಡಿ, ಅದೂ ಪೂರ್ತಿ ಸಸ್ಯಾಹಾರ. ಮೀನು ತಿನ್ನುವವರಿಗೂ ಹೇಳುತ್ತೇನೆ, ಈ ಕಡೆಯ ತರಕಾರಿ ಅಡುಗೆ ನೋಡದೆ ಬರಬೇಡಿ. ಕಡಲೆ ಮನೋಳಿ ಅಂದರೆ ಕಪ್ಪು ಕಡಲೆ, ತೊಂಡೆಕಾಯಿ ಸೇರಿಸಿದ ಸುಕ್ಕ, ತೆಂಗಿನತುರಿ ಹಾಕಿದ ಒಣ ಪಲ್ಯ. ಕೊಂಕಣಿಯವರ ದಾಳಿ ತೋವೆ, ಅನಾನಸ್ ಮೆಣಸ್ಕಾಯಿ, ತಿಮರೆ ಚಟ್ನಿ ಎಲ್ಲ ಹೋಟೆಲುಗಳಲ್ಲಿ ದಿನವೂ ಇರುವುದಿಲ್ಲ, ಕೇಳಿ ನೋಡಿ. ತಿಮರೆ ಅಂದರೆ ನಮ್ಮ ಒಂದೆಲಗವೇ.

ಬೇಗ ಎದ್ದು ಉತ್ಸಾಹದಲ್ಲಿದ್ದರೆ ಉಡುಪಿಗೂ ಹೋಗಬಹುದು. ಹೆದ್ದಾರಿ 66ರಲ್ಲಿ ಸುಮಾರು 60 ಕಿಲೋಮೀಟರ್. ರಥಬೀದಿಯ ಮಿತ್ರ ಸಮಾಜದಲ್ಲಿ ಗೋಳಿಬಜೆ, ದಾರಿಯಲ್ಲಿ 1901ರ ಕಾಪು ದೀಪಸ್ತಂಭ. ಆದರೆ ಅಲ್ಲಿಂದ ತುಮಕೂರಿಗೆ ಅದೇ ದಿನ ವಾಪಸ್ ಅಂದರೆ ಓಟವೇ ಆಗುತ್ತದೆ. ಸೋಮವಾರ ರಜೆ ಇದ್ದವರು ಮಾತ್ರ ಹೋಗಿ. ಕುಂದಾಪುರ ಇನ್ನೂ ಮುಂದಿದೆ, ಮಂಗಳೂರಿನಿಂದ ಸುಮಾರು 90 ಕಿಲೋಮೀಟರ್. ಅದಕ್ಕೆ ಬೇರೆಯದೇ ವೀಕೆಂಡ್ ಇಡಿ. ಕಾರಿನವರು ಮಧ್ಯಾಹ್ನ ಹನ್ನೆರಡರೊಳಗೆ ಹೊರಟರೆ ಬೆಳಕಿರುವಾಗಲೇ ಘಾಟಿ ಹತ್ತಿ ಮುಗಿಯುತ್ತದೆ.

ಕಟ್ಟಿಕೊಂಡು ಬರುವುದು

ಕೋರಿ ರೊಟ್ಟಿಯ ಪ್ಯಾಕೆಟ್ಟು, ಬಫಾತ್ ಎಂಬ ಮಸಾಲೆ ಪುಡಿ, ಹಲಸಿನ ಹಪ್ಪಳ, ಗೇರುಬೀಜ, ಎರಡು ಕೆಜಿ ಕುಚ್ಚಲಕ್ಕಿ. ಇವೆಲ್ಲ ಕೆಡುವುದಿಲ್ಲ, ಶನಿವಾರವೇ ತೆಗೆದಿಡಿ. ಒಣಮೀನು ತಂದರೆ ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಅದರ ವಾಸನೆ ತಿಂಗಳುಗಟ್ಟಲೆ ಕಾರಿನಲ್ಲಿರುತ್ತದೆ. ತಾಜಾ ಮೀನು ತರುವ ಆಸೆ ಇದ್ದರೆ ಭಾನುವಾರ ಬೆಳಿಗ್ಗೆ ಕೊಳ್ಳಿ. ಹೊಟ್ಟೆ ಕ್ಲೀನ್ ಮಾಡಿಸಿ, ತುಂಡು ಮಾಡಿಸಬೇಡಿ. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಒಂದು ಪದರ ಐಸು, ಒಂದು ಪದರ ಮೀನು, ಮತ್ತೆ ಐಸು. ಮುಚ್ಚಳಕ್ಕೆ ಸುತ್ತಲೂ ಟೇಪ್. ದಾರಿಯಲ್ಲಿ ಎರಡು ಸಲ ನಿಲ್ಲಿಸಿ ಕರಗಿದ ನೀರು ಚೆಲ್ಲಿ ಹೊಸ ಐಸು ಹಾಕಿ. ನೀರಿನಲ್ಲಿ ನೆನೆದ ಮೀನು ಸಪ್ಪೆಯಾಗುತ್ತದೆ.

ಕೊನೆಗೆ ಮಲ್ಲಿಗೆ. ಶಂಕರಪುರದ ಕಡೆ ಬೆಳೆಯುವ ಉಡುಪಿ ಮಲ್ಲಿಗೆಗೆ ಭೌಗೋಳಿಕ ಗುರುತು ಸಿಕ್ಕಿದೆ. ನಮ್ಮ ಕಡೆಯ ಹಾಗೆ ಮೊಳದ ಲೆಕ್ಕದಲ್ಲಿ ಅಲ್ಲ, ಅಲ್ಲಿ ಚೆಂಡು, ಅಟ್ಟೆ ಲೆಕ್ಕ. ಒಂದು ಚೆಂಡು ಕೇಳಿದರೆ ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿದ್ದನ್ನು ಎಲೆಯಲ್ಲಿ ಸುತ್ತಿ ಕೊಡುತ್ತಾರೆ. ಹೊರಡುವ ಮುಂಚೆ, ಎಲ್ಲ ಮುಗಿದ ಮೇಲೆ ಕೊಳ್ಳಿ. ಮೀನಿನ ಪೆಟ್ಟಿಗೆ ಡಿಕ್ಕಿಯಲ್ಲಿರಲಿ, ಹೂವು ಮುಂದಿನ ಸೀಟಿನಲ್ಲಿ. ನೀರು ಚಿಮುಕಿಸಬೇಡಿ, ಎಲೆ ಬಿಚ್ಚಬೇಡಿ. ಮನೆಗೆ ಬಂದ ಮೇಲೆ ಹಾಗೇ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಟ್ಟರೆ ಸೋಮವಾರ ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಮುಡಿದುಕೊಳ್ಳಲು ಬರುತ್ತದೆ.